ಹೆಲಿಕಾಪ್ಟರ್ ಕಾದ ವಾಸಪ್ಪ

ವಾಸಪ್ಪನಿಗೆ ಬದುಕಿನಲ್ಲಿ ಚೆನ್ನಾಗಿ ಬರುತ್ತಿದ್ದ ಕೆಲಸ ಒಂದೇ: ಬಂದವರನ್ನು ಒಳಗೆ ಬಿಡದಿರುವುದು. ಗದ್ದೆ ಕೆಲಸ ಬಾರದು, ಮರ ಹತ್ತಲು ಬಾರದು, ನಯವಾಗಿ ಮಾತಾಡಲಂತೂ ಬಾರದು. ಬಾಯಿ ತೆರೆದರೆ ಎದುರಿದ್ದವನ ಮಾನ ಹರಾಜು. ಆದರೆ ಯಾವುದಾದರೂ ಬಾಗಿಲ ಮುಂದೆ ಅವನನ್ನು ನಿಲ್ಲಿಸಿದರೆ ಆ ಬಾಗಿಲಿಗೆ ಬೇರೆ ಚಿಲಕ ಬೇಕಾಗುತ್ತಿರಲಿಲ್ಲ.

ಮೊದಲು ಅವನು ನಿಂತದ್ದು ಸಾಗರದ ಒಂದು ಟೂರಿಂಗ್ ಟಾಕೀಸಿನ ಗೇಟಿನಲ್ಲಿ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪುಕ್ಕಟೆ ಸಿನಿಮಾ ನೋಡಲು ಎಂಥೆಂಥವರು ಬರುತ್ತಿದ್ದರು! ಕಚೇರಿ ಗುಮಾಸ್ತರು, ಅವರ ಭಾವಮೈದುನರು, ಪತ್ರಿಕೆಯವರೆಂದು ಹೇಳಿಕೊಂಡು ತಿರುಗುವ ಸೋಮಾರಿಗಳು. ಎಲ್ಲರದ್ದೂ ಒಂದೇ ಪಲ್ಲವಿ: ನಾನು ಯಾರು ಗೊತ್ತಾ? ವಾಸಪ್ಪ ಅವರ ಮುಖವನ್ನು ಎರಡು ಸಲ ನೋಡಿ, "ಗೊತ್ತಿಲ್ಲ, ಗೊತ್ತಾಗ್ಬೇಕು ಅಂತಾನೂ ಇಲ್ಲ" ಎನ್ನುತ್ತಿದ್ದ. ಒಂದು ದಿನ ಟಾಕೀಸಿನ ಧಣಿ ಅವನನ್ನು ಕರೆದು, ನಾಲ್ಕು ಜನ ಒಳಗೆ ಕೂತರೆ ನಮ್ಮ ಪರದೆ ಸವೆದುಹೋಗುತ್ತದೇನೋ ಎಂದು ಗೊಣಗಿದ. ಹಾಗಾದರೆ ಗೇಟು ಯಾಕೆ ಇಟ್ಟಿದ್ದೀರಿ ಎಂದು ಕೇಳಿ ವಾಸಪ್ಪ ಅದೇ ಸಂಜೆ ಕೆಲಸ ಬಿಟ್ಟ.

ಆಮೇಲೆ ಮಂಡಗದ್ದೆಯ ಹತ್ತಿರ ಅರಣ್ಯ ಇಲಾಖೆಯ ಗೇಟು. ದೊಡ್ಡ ಮನುಷ್ಯರು ಎಂದರೆ ಏನೆಂದು ಅವನಿಗೆ ಪೂರ್ತಿ ಅರ್ಥವಾದದ್ದು ಅಲ್ಲಿ. ಬೆಳಗ್ಗೆ ವನಮಹೋತ್ಸವದಲ್ಲಿ ಗಿಡ ನೆಟ್ಟು ಭಾಷಣ ಬಿಗಿದವರ ಜೀಪೇ ಮಧ್ಯಾಹ್ನ ಗೇಟಿಗೆ ಬಂದು ನಿಲ್ಲುತ್ತಿತ್ತು. ಜೀಪಿನ ಹಿಂದೆ ಹುಲ್ಲು, ಹುಲ್ಲಿನಡಿ ಬೀಟೆ ತುಂಡು. ಹಿಡಿದರೆ ಹಲ್ಲು ಕಿರಿಯುತ್ತಿದ್ದರು, ಹಲ್ಲು ಕಿರಿದದ್ದು ನಾಟದಿದ್ದರೆ ಕಣ್ಣು ಕೆಂಪಗೆ ಮಾಡುತ್ತಿದ್ದರು. ವಾಸಪ್ಪ ಎರಡಕ್ಕೂ ಸೊಪ್ಪು ಹಾಕಲಿಲ್ಲ. ಒಮ್ಮೆ ಲೋಕೋಪಯೋಗಿ ಇಲಾಖೆಯ ಇಂಜಿನಿಯರೊಬ್ಬರ ಜೀಪನ್ನೇ ತಡೆದು, ಸೀಟಿನಡಿಯವರೆಗೂ ಹುಡುಕಿ, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಿಟ್ಟ. ಆ ಪುಣ್ಯಾತ್ಮನಿಗೆ ಸಿಟ್ಟು ಬರುವ ಬದಲು ನಗು ಬಂತು. ಅವರೇ ಅವನನ್ನು ಹೊಸನಗರದ ಪ್ರವಾಸಿ ಬಂಗಲೆಗೆ ಕಾವಲುಗಾರನಾಗಿ ಕರೆತಂದರು. ಬಂಗಲೆಯ ಹಿಂದೆ ಒಂದು ಹೆಂಚಿನ ಮನೆ ಕೊಟ್ಟರು. ಹೆಂಡತಿ ತುಂಗಮ್ಮ ಅಲ್ಲಿ ಬಸಳೆ ಚಪ್ಪರ ಹಾಕಿ, ಎಮ್ಮೆ ಕಟ್ಟಿ, ಇನ್ನು ಇಲ್ಲಿಂದ ಏಳುವುದಿಲ್ಲ ಎಂದುಕೊಂಡಳು.

ಇಷ್ಟು ವರ್ಷದ ದುಡಿಮೆಯಲ್ಲಿ ವಾಸಪ್ಪ ಗಳಿಸಿದ್ದು ಒಂದು ಹೆಸರು. ಅವನು ನಿಂತ ಕಡೆ ಯಾರೂ ನುಗ್ಗಲಾರರು ಎಂಬ ಮಾತು ಸಾಗರದಿಂದ ತೀರ್ಥಹಳ್ಳಿಯವರೆಗೂ ಹಬ್ಬಿತ್ತು. ಜನ ಅದನ್ನು ಬೈದುಕೊಂಡೇ ಹೇಳುತ್ತಿದ್ದರು, ಆದರೂ ಹೇಳುತ್ತಿದ್ದರು. ಊರಿನವರನ್ನೆಲ್ಲ ಕಾಲಕಸದಂತೆ ನೋಡುವ ಹಕ್ಕು ತನಗೆ ಆ ಹೆಸರಿನಿಂದಲೇ ಬಂದಿದೆ ಎಂದು ಅವನು ತಿಳಿದಿದ್ದ. ನಿಜ ಹೇಳಬೇಕೆಂದರೆ ಬಂದೂ ಇತ್ತು.

ಎಂಬತ್ತರ ದಶಕದ ನಡುವಿನ ಒಂದು ವರ್ಷ, ಮಳೆಗಾಲ ಕಳೆದ ಮೇಲೆ, ಬಂಗಲೆಯ ಪಕ್ಕದ ಬಯಲಿಗೆ ಸರ್ವೆಯ ಹೆಲಿಕಾಪ್ಟರ್ ಬಂದಿಳಿಯಿತು. ಕಾಡಿನ ಮೇಲೆ ತಗ್ಗಿನಲ್ಲಿ ಹಾರಿ ನೆಲದೊಳಗೆ ಯಾವ ಅದಿರಿದೆ ಎಂದು ನೋಡುವ ಕೆಲಸ. ಪೈಲಟ್ ಒಬ್ಬ, ಬೆಂಗಳೂರಿನ ಇಂಜಿನಿಯರ್ ಉಮಾಮಹೇಶ್ವರ ಒಬ್ಬರು. ಇಬ್ಬರೂ ಬಂಗಲೆಯಲ್ಲೇ ಉಳಿದು ತುಂಗಮ್ಮನ ಕೈಯಡುಗೆ ಉಣ್ಣುತ್ತಿದ್ದರು. ಹೆಲಿಕಾಪ್ಟರಿನ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿದರು. ಉಮಾಮಹೇಶ್ವರ ಮೊದಲ ದಿನವೇ ವಾಸಪ್ಪನನ್ನು ಹಗ್ಗದೊಳಗೆ ಕರೆದೊಯ್ದು, ಬಾಲದ ಬುಡದಲ್ಲಿ ಒಂದು ಪುಟ್ಟ ಮುಚ್ಚಳ ತೋರಿಸಿದರು.

"ನೋಡಪ್ಪಾ ವಾಸಪ್ಪ, ಇದರ ಒಳಗಡೆ ಕಂಪ್ಯೂಟರ್ ಇದೆ. ಎಷ್ಟು ಎತ್ತರದಲ್ಲಿದ್ದೀವಿ, ಎಲ್ಲಿದ್ದೀವಿ ಅಂತ ಪೈಲಟ್‌ಗೆ ಹೇಳೋದು ಅದೇ. ಬೆಳಗ್ಗೆ ಮಂಜಲ್ಲಿ ಹಾರುವಾಗ ಅವನಿಗೆ ಬೇರೆ ಕಣ್ಣಿಲ್ಲ. ನಾನು ಈ ತೂತಿಗೆ ವೈರ್ ಹಾಕಿ ಅದಕ್ಕೆ ಲೆಕ್ಕ ಹೇಳಿಕೊಡ್ತೀನಿ. ನಾನು ಹೇಳಿದ್ದನ್ನ ಅದು ನಂಬತ್ತೆ. ಬೇರೆ ಯಾರಾದ್ರೂ ಬಂದು ಹೇಳಿದ್ರೂ ನಂಬತ್ತೆ. ಹೇಳಿದೋನು ಯಾರು ಅಂತ ಕೇಳೋ ಬುದ್ಧಿ ಅದಕ್ಕಿಲ್ಲ."

"ಹಂಗಾದ್ರೆ ನಮ್ಮೂರಿನವ್ರ ಹಂಗೇ ಬಿಡಿ" ಎಂದ ವಾಸಪ್ಪ.

"ಅದಕ್ಕೇ ಹೇಳೋದು. ಕೇಳೋ ಕೆಲಸ ನಿಂದು. ಕಡ್ಡಿ, ನೀರು, ಧೂಳು ಏನೂ ಅದರೊಳಗೆ ಹೋಗಬಾರದು."

ಈ ಮಾತು ವಾಸಪ್ಪನಿಗೆ ಹಿಡಿಸಿತು. ಸಿನಿಮಾ, ಬೀಟೆ ಇವೆಲ್ಲ ಏನು ಮಹಾ? ಇಲ್ಲಿ ಒಂದು ಯಂತ್ರದ ತಲೆಯನ್ನೇ ಕಾಯಬೇಕು. ಅವನು ಹಗ್ಗದ ಪಕ್ಕ ಒಂದು ಕಲ್ಲು ಹಾಕಿಕೊಂಡು ಕೂತ.

ಊರು ಸಾಲುಗಟ್ಟಿ ಬಂತು. ಬಸ್ ಸ್ಟ್ಯಾಂಡಿನ ರೇಡಿಯೊ ರಿಪೇರಿಯ ಕೆರಿಯಪ್ಪ ಟೆಸ್ಟರ್ ಹಿಡಿದುಕೊಂಡೇ ಬಂದು, ಒಂದು ಸಲ ಒಳಗೆ ಮುಟ್ಟಿ ನೋಡಿದರೆ ಇಡೀ ಸರ್ಕ್ಯೂಟ್ ಹೇಳುತ್ತೇನೆ ಎಂದ. "ನನ್ನ ರೇಡಿಯೊ ನಿನ್ನ ಹತ್ರ ಹೋದ ವರ್ಷದಿಂದ ಬಿದ್ದಿದೆ, ಮೊದ್ಲು ಅದನ್ನ ಮಾತಾಡ್ಸು" ಎಂದು ವಾಸಪ್ಪ ಅವನನ್ನು ಅಟ್ಟಿದ. ಎಲ್ಲರಿಗಿಂತ ಹೆಚ್ಚು ಕಾಡಿದವರು ಮುಕುಂದಯ್ಯ. ತಾಲ್ಲೂಕಿನಲ್ಲಿ ಯಾವ ಸಮಿತಿಯಿದ್ದರೂ ಅದಕ್ಕೆ ಅವರೇ ಅಧ್ಯಕ್ಷರು; ಸಮಿತಿ ಇಲ್ಲದಿದ್ದರೆ ಒಂದನ್ನು ಮಾಡಿ ಅಧ್ಯಕ್ಷರಾಗುತ್ತಿದ್ದರು. ಬಿಳಿ ಪಂಚೆ, ಬಗಲಲ್ಲಿ ಕೊಡೆ, ಹಿಂದೆ ಹೌದಪ್ಪಗಳು. ಇಂಥ ಮನುಷ್ಯ ದಿನಕ್ಕೊಮ್ಮೆ ಹಗ್ಗದ ತನಕ ಬಂದು, ಪರವಾನಗಿ ಇಲ್ಲವೆಂಬ ಒಂದೇ ಕಾರಣಕ್ಕೆ ವಾಪಸು ಹೋಗಬೇಕಾಗುತ್ತಿತ್ತು. ನಮ್ಮ ನೆಲದ ಮೇಲೆ ನಿಂತ ಯಂತ್ರವನ್ನು ನಾವೇ ಮುಟ್ಟಬಾರದೇ ಎಂದು ಅವರು ಪೇಟೆಯಲ್ಲೆಲ್ಲ ಗುಟುರು ಹಾಕಿದರು. ಮುಟ್ಟಿ ಏನು ಮಾಡುತ್ತೀರಿ ಎಂದು ಕೇಳುವವರು ಒಬ್ಬರೂ ಇರಲಿಲ್ಲ.

ಹೀಗಿರುವಾಗ ಆಯುಧ ಪೂಜೆ ಬಂತು. ಹೆಲಿಕಾಪ್ಟರಿನ ಎಣ್ಣೆ ಡ್ರಮ್ಮುಗಳು ರೈಲಿನಲ್ಲಿ ತಾಳಗುಪ್ಪಕ್ಕೆ ಬಂದಿದ್ದವು. ಇಂಜಿನಿಯರೂ ಪೈಲಟ್ಟೂ ಬೆಳಗ್ಗೆಯೇ ಯಂತ್ರವನ್ನೆಲ್ಲ ಪರೀಕ್ಷಿಸಿ, ಮುಚ್ಚಳ ಬಿಗಿದು, ಅವನ್ನು ತರಲು ಹೋದರು. ಮರುದಿನ ಹೊತ್ತು ಮೂಡುವ ಮುಂಚೆ ಶರಾವತಿ ಹಿನ್ನೀರಿನ ಮೇಲೆ ಹಾರಬೇಕಿತ್ತು.

ಅವರು ಅತ್ತ ಹೋದದ್ದೇ ತಡ, ಇತ್ತ ಬಯಲಿಗೆ ಊರಿನ ಗಾಡಿಗಳೆಲ್ಲ ಬಂದು ನಿಂತವು. ಸೊಸೈಟಿಯ ಲಾರಿ, ರೈಸ್ ಮಿಲ್ಲಿನ ಟ್ರ್ಯಾಕ್ಟರ್, ಮುಕುಂದಯ್ಯನವರ ಜೀಪು. ಪ್ರತಿಯೊಂದಕ್ಕೂ ಗೊಂಡೆ ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಪೂಜೆಗೆ ಸಾಗರದ ಕಡೆಯ ವಿಘ್ನೇಶ್ವರ ಭಟ್ಟರು. ಎಲ್ಲ ಮುಗಿಸಿ ಭಟ್ಟರು ಹಗ್ಗದ ಹತ್ತಿರ ಬಂದರು, ಹಿಂದೆ ಮುಕುಂದಯ್ಯ.

"ಊರಿನ ಗಾಡಿಗೆಲ್ಲ ಪೂಜೆ ಆಗಿ ಇದೊಂದು ಬೋಳಾಗಿ ನಿಂತ್ರೆ ಹೆಂಗೋ? ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಎಂದರು ಮುಕುಂದಯ್ಯ.

"ಎಂತ ಮಾರಾಯ ವಾಸಪ್ಪ, ದೇವ್ರ ಕೆಲ್ಸಕ್ಕೂ ಹಗ್ಗ ಅಡ್ಡ ಕಟ್ತೀಯ?" ಎಂದರು ಭಟ್ಟರು.

ವಾಸಪ್ಪ ತಡವರಿಸಿದ್ದು ಇಲ್ಲಿ. ಮಂಡಗದ್ದೆಯಲ್ಲಿದ್ದಾಗ ಪ್ರತಿ ವರ್ಷ ಈ ದಿನ ಗೇಟಿನ ಗಳಕ್ಕೆ ಅವನೇ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದ. ಬಂಗಲೆಗೆ ಬಂದ ಮೇಲೆ ಬೀಗದ ಕೈಗಳಿಗೆ ಪೂಜೆ ಮಾಡುತ್ತಿದ್ದ. ತಡೆಯಬೇಕಾದ್ದು ಮನುಷ್ಯರನ್ನು, ಪೂಜೆಯನ್ನು ತಡೆಯುವುದುಂಟೇ? ಪೂಜೆಯೂ ಮನುಷ್ಯರ ಕಾಲಿನ ಮೇಲೇ ನಡೆದು ಬರುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಎಲ್ಲರ ಸುಳ್ಳನ್ನೂ ಮೂಸಿ ನೋಡಿದ ಮನುಷ್ಯನಿಗೆ ಕರ್ಪೂರದ ವಾಸನೆಯಲ್ಲಿ ಅನುಮಾನವೇ ಬರಲಿಲ್ಲ.

"ಭಟ್ರು ಒಬ್ರೇ ಬರ್ಲಿ. ಮುಕುಂದಯ್ಯನವ್ರೇ, ನೀವು ಅಲ್ಲೇ ನಿಲ್ಲಿ" ಎಂದು ಅವನು ಹಗ್ಗ ಎತ್ತಿದ.

ಭಟ್ಟರು ಹೆಲಿಕಾಪ್ಟರಿನ ಮೂತಿಗೆ ಗಂಧ ಇಟ್ಟರು, ಹಾರ ಹಾಕಿದರು, ಗಂಟೆ ಆಡಿಸಿ ಮಂಗಳಾರತಿ ಎತ್ತಿದರು. ವಾಸಪ್ಪ ಹೆಗಲ ಮೇಲಿನ ಟವೆಲು ಸೊಂಟಕ್ಕೆ ಕಟ್ಟಿ, ಕೈ ಮುಗಿದು, ಕಣ್ಣು ಮುಚ್ಚಿದ. ಕೆಲಸದ ಮೇಲಿದ್ದಾಗ ಅವನು ಕಣ್ಣು ಮುಚ್ಚಿದ್ದು ಅದೇ ಮೊದಲು. ಗಂಟೆ ಸದ್ದು ನಿಂತು ಕಣ್ಣು ಬಿಟ್ಟರೆ ಮುಕುಂದಯ್ಯ ಹಗ್ಗದೊಳಗೆ, ಬಾಲದ ಬುಡದಲ್ಲಿ, ಮುಚ್ಚಳ ಕೈಯಲ್ಲಿ ಹಿಡಿದು ನಿಂತಿದ್ದರು. ಎಷ್ಟು ದಿನದಿಂದ ತುರಿಸುತ್ತಿತ್ತೋ ಆ ಕೈ! "ಇದೇ ಇದರ ಬಾಯಿ ಭಟ್ರೇ, ಇಲ್ಲಿಗೂ ಹಾಕಿ" ಎನ್ನುತ್ತಿದ್ದರು. ಭಟ್ಟರು ಆಗಲೇ ಆ ತೂತಿಗೆ ಕುಂಕುಮ, ಅಕ್ಷತೆ ಹಾಕಿ, ಮೇಲೊಂದು ಉದ್ಧರಣೆ ತೀರ್ಥ ಬಿಟ್ಟಾಗಿತ್ತು.

ವಾಸಪ್ಪ ಓಡಿಹೋಗಿ ಮುಕುಂದಯ್ಯನವರ ರಟ್ಟೆ ಹಿಡಿದು ಎಳೆದ. "ಎಂತ ಮಾಡಿದ್ರಿ ನೀವು? ಅದ್ರೊಳಗೆ ಏನೂ ಹಾಕ್ಬಾರ್ದು ಅಂತ ಬಡ್ಕೊಂಡಿದೀನಿ!"

ಮೊದಲು ಮುಕುಂದಯ್ಯ ರೇಗಿದರು. ಆಮೇಲೆ ವಾಸಪ್ಪನ ಮುಖ ನೋಡಿ ಅವರ ಮುಖವೂ ಇಳಿಯಿತು. ಪಂಚೆಯ ತುದಿಯಿಂದ ತೂತಿನ ಅಂಚು ಒರೆಸಿ, ಮುಚ್ಚಳ ತಿರುಗಿಸಿ ಕೂರಿಸಿ, ದೂರ ನಿಂತು ನೋಡಿದರು. ಹೊರಗಿನಿಂದ ಏನೂ ಗೊತ್ತಾಗುತ್ತಿರಲಿಲ್ಲ.

"ಮುಗೀತಲ್ಲ. ಯಾರಿಗೂ ಹೇಳ್ಬೇಡ" ಎಂದರು. "ದೇವರ ಕುಂಕುಮದಿಂದ ಕೆಟ್ಟದಾಗತ್ತಾ? ಹೇಳಿದ್ರೆ ಹೋಗೋದು ನಿನ್ನ ಕೆಲಸಾನೇ. ನಿನ್ನ ಹೆಂಡ್ತಿನ ಎಲ್ಲಿ ಇಡ್ತೀಯ? ಅದೂ ಅಲ್ದೆ, ವಾಸಪ್ಪ ಕಣ್ಣು ಮುಚ್ಚಿ ನಿಂತಿದ್ದ ಅಂತ ಊರೆಲ್ಲ ನಗ್ಬೇಕಾ?"

ಕೊನೆಯ ಮಾತು ಸರಿಯಾದ ಜಾಗಕ್ಕೆ ಚುಚ್ಚಿತು. ಕೆಲಸ ಹೋದರೆ ಇನ್ನೊಂದು ಗೇಟು ಸಿಕ್ಕೀತು. ಆದರೆ ಆ ಹೆಸರು ಹೋದರೆ? ತಾನು ಯಾವ ಮುಖ ಹೊತ್ತು ಇವರನ್ನೆಲ್ಲ ತಿರಸ್ಕಾರದಿಂದ ನೋಡಬೇಕು? ಇಡೀ ಮಧ್ಯಾಹ್ನ ಅವನು ಕಲ್ಲಿನ ಮೇಲೆ ಕೂತೇ ಇದ್ದ. ತುಂಗಮ್ಮ ಹಬ್ಬದ ಊಟಕ್ಕೆ ಕರೆದರೂ ಏಳಲಿಲ್ಲ. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ, ಮನೆ ಉಳಿಯುತ್ತದೆ. ಬೆಳಗ್ಗೆ ಮಂಜಿನಲ್ಲಿ ಆ ಇಬ್ಬರು ಹಾರುತ್ತಾರೆ. ಪೈಲಟ್ ನಿನ್ನೆ ತಾನೆ ತುಂಗಮ್ಮನ ಹತ್ತಿರ ಎರಡನೆಯ ಸಲ ನೀರುದೋಸೆ ಕೇಳಿ ಹಾಕಿಸಿಕೊಂಡಿದ್ದ.

ಸಂಜೆ ತಾಳಗುಪ್ಪದಿಂದ ಇಂಜಿನಿಯರ ಜೀಪು ಬಂತು. ಹಬ್ಬದ ನೆಪದಲ್ಲಿ ಮುಕುಂದಯ್ಯ, ಭಟ್ಟರು ಇನ್ನೂ ಬಂಗಲೆಯ ಜಗಲಿಯಲ್ಲೇ ಠಿಕಾಣಿ ಹೂಡಿದ್ದರು. ಅವನು ಬಾಯಿ ಬಿಡುತ್ತಾನೋ ಎಂದು ಕಾಯುವುದಲ್ಲದೆ ಅವರಿಗೆ ಇನ್ನೇನು ಕೆಲಸ? ಉಮಾಮಹೇಶ್ವರ ಹಾರ ನೋಡಿ ನಕ್ಕು, "ಏನಪ್ಪ, ಪೂಜೆ ಜೋರಾ?" ಎಂದರು.

"ಸ್ವಾಮಿ, ನಾಳೆ ಹಾರ್ಬೇಡಿ" ಎಂದ ವಾಸಪ್ಪ. "ಮುಚ್ಚಳದ ಒಳಗೆ ಕುಂಕುಮ ಹೋಗಿದೆ. ನೀರೂ ಹೋಗಿದೆ. ನಾನು ಹಗ್ಗ ಎತ್ತಿದ್ದೆ."

ಇಂಜಿನಿಯರರ ನಗು ಮುಖದ ಮೇಲೆಯೇ ಆರಿತು. ಮುಚ್ಚಳ ತೆಗೆದರೆ ಒಳಗೆ ಕೆಂಪು ಕೆಸರು. ಮೆಲ್ಲಗೆ ಒರೆಸಿ, ಪರೀಕ್ಷೆಯ ಪೆಟ್ಟಿಗೆ ತಂದು ವೈರು ಸಿಕ್ಕಿಸಿದರು. ಹುಲ್ಲಿನ ಮೇಲೆ ತೆಪ್ಪಗೆ ನಿಂತಿದ್ದ ಹೆಲಿಕಾಪ್ಟರು ತಾನು ಕೊಡಚಾದ್ರಿಯಷ್ಟು ಎತ್ತರದಲ್ಲಿದ್ದೇನೆ ಎಂದು ಹೇಳುತ್ತಿತ್ತು. ಪೈಲಟ್ ಬಗ್ಗಿ ಆ ಲೆಕ್ಕವನ್ನು ಎರಡು ಸಲ ಓದಿದ. ಮಂಜಿನೊಳಗೆ ಇದನ್ನು ನಂಬಿ ಕೆಳಗಿಳಿಸಿದ್ದರೆ ನೇರ ನೀರಿಗೇ ಹೋಗುತ್ತಿದ್ದೆವು ಎಂದ.

"ಯಾರು ಮುಚ್ಚಳ ತೆಗೆದದ್ದು?" ಉಮಾಮಹೇಶ್ವರ ಕೇಳಿದರು.

ವಾಸಪ್ಪ ಜಗಲಿಯ ಕಡೆ ನೋಡಿದ. ಭಟ್ಟರು ಜನಿವಾರ ಎಳೆದುಕೊಳ್ಳುತ್ತಾ ನೆಲ ನೋಡುತ್ತಿದ್ದರು. ಮುಕುಂದಯ್ಯನವರ ಹಣೆಯಲ್ಲಿ ಬೆವರು.

"ಹಗ್ಗದ ಒಳಗೆ ಏನಾದ್ರೂ ಅದು ನಂದೇ" ಎಂದ ವಾಸಪ್ಪ.

ಮುಕುಂದಯ್ಯನವರಿಗೆ ಹೋದ ಜೀವ ಬಂತು. ಬಂದದ್ದೇ ತಡ, ಎದ್ದು ನಿಂತು, "ನಾನು ಮೊದಲಿಂದ ಹೇಳ್ತಿದ್ದೆ ಸಾರ್, ಇಂಥವ್ರನ್ನ ಕಾವಲಿಗೆ ಇಡಬಾರದು ಅಂತ" ಎಂದರು. ಮೂಳೆಯಿಲ್ಲದ ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು! ಭಟ್ಟರು ಹೌದೆಂದು ತಲೆಯಾಡಿಸಿದರು.

ಉಮಾಮಹೇಶ್ವರ ಒಳ್ಳೆಯವರೇ. ವಾಸಪ್ಪನ ಕೈ ಹಿಡಿದುಕೊಂಡು, ನೀನು ಹೇಳದಿದ್ದರೆ ನಾವು ಇರುತ್ತಿರಲಿಲ್ಲ ಎಂದರು. ಆದರೆ ಮೇಲಿನವರಿಗೆ ವರದಿ ಕಳಿಸುವಾಗ ಕಾವಲುಗಾರನ ಅಜಾಗರೂಕತೆ ಎಂದಷ್ಟೇ ಬರೆದರು. ಅಷ್ಟು ಮಾತ್ರದ ಒಳ್ಳೆಯತನ. ಬೆಂಗಳೂರಿನಿಂದ ಹೊಸ ಕಂಪ್ಯೂಟರ್ ಬಂದು ಕೂರುವ ಹೊತ್ತಿಗೆ ವಾಸಪ್ಪನನ್ನು ಕೆಲಸದಿಂದ ತೆಗೆದ ಆದೇಶವೂ ಬಂತು. ಅವನ ಜಾಗಕ್ಕೆ ಬಂದವನು ಮುಕುಂದಯ್ಯನವರ ಕಡೆಯವನು. ಬಂದ ದಿನವೇ ಅವನು ಹಗ್ಗ ಎತ್ತಿ ಹಿಡಿದ. ಊರಿನವರು ಸಂಸಾರ ಸಮೇತ ಒಳಗೆ ಹೋಗಿ ಫೋಟೊ ತೆಗೆಸಿಕೊಂಡರು. ಕೊನೆಗೆ ಆ ಮುಚ್ಚಳಕ್ಕೆ ಬೀಗವನ್ನೇ ಹಾಕಿಸಬೇಕಾಯಿತಂತೆ. ಊರು ವಾಸಪ್ಪನಿಗೆ ಇನ್ನೂ ಒಂದು ಬಿರುದು ಕೊಟ್ಟಿತು: ದೇವರ ಕುಂಕುಮವನ್ನು ಕಸ ಎಂದ ಪಾಪಿ.

ಮನೆ ಖಾಲಿ ಮಾಡಿ, ಎಮ್ಮೆ ಮಾರಿ, ಪಾತ್ರೆಯ ಮೂಟೆ ಹೊತ್ತು ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದರು. ತೀರ್ಥಹಳ್ಳಿ ಬಸ್ಸು ತಡ. ಕೆರಿಯಪ್ಪ ಅಂಗಡಿಯಿಂದ ಬಗ್ಗಿ ನೋಡಿ ನಕ್ಕ. ಅಲ್ಲಿಯವರೆಗೆ ತಡೆದುಕೊಂಡಿದ್ದ ತುಂಗಮ್ಮನ ಕಣ್ಣು ತುಂಬಿ ಬಂತು.

"ಅವ್ರ ಹೆಸ್ರು ಹೇಳಿದ್ರೆ ನಿಮ್ಗೆ ಎಂತ ಆಗ್ತಿತ್ತು? ಮನೆಯಾದ್ರೂ ಉಳೀತಿತ್ತಲ್ಲ. ಅಂಥವ್ರ ಮೇಲೆ ಎಂತಕ್ಕೆ ಕನಿಕರ?"

"ಕನಿಕರ ಅಲ್ಲ ಮಾರಾಯ್ತಿ" ಎಂದ ವಾಸಪ್ಪ. "ಕಣ್ಣು ಮುಚ್ಚಿದ್ದು ನಾನು. ತಪ್ಪು ನಂದು. ಅದನ್ನೂ ತಗೊಂಡು ಹೋಗಿ ಆ ಮುಕುಂದಯ್ಯಂಗೆ ಕೊಡ್ಬೇಕಾ? ಅಷ್ಟು ಯೋಗ್ಯತೆ ಇಲ್ಲ ಅವ್ನಿಗೆ."