ಎರಡು ಬಟ್ಟಲು ಶೇಂಗಾ ಮತ್ತು ಒಂದು ಫುಟ್‌ಬಾಲ್ ಪಂದ್ಯ

ಇದು ಎರಡು ವರ್ಷದ ಹಿಂದಿನ ಜನವರಿಯ ಮಾತು. ನಮ್ಮ ಸಿಯಾಟಲ್ ಫುಟ್‌ಬಾಲ್ ತಂಡ ಸೋತರೆ ಮನೆಗೆ ಎನ್ನುವ ಹಂತಕ್ಕೆ ಬಂದಿತ್ತು. ಆ ಭಾನುವಾರ ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನಲ್ಲಿರುವ ಗೆಳೆಯ ನಾಗರಾಜ್ ಮನೆಯಲ್ಲಿ ಕನ್ನಡದವರೆಲ್ಲ ಸೇರಿ ಪಂದ್ಯ ನೋಡುವುದೆಂದು ತೀರ್ಮಾನವಾಗಿತ್ತು. ಒಬ್ಬರು ಪುಳಿಯೋಗರೆ, ಒಬ್ಬರು ಕೇಸರಿಬಾತ್, ನನ್ನ ಪಾಲಿಗೆ ಮಿರ್ಚಿ ಭಜಿ. ಭಜಿ ಹೇಗಿದ್ದರೂ ಆಗುತ್ತದೆ, ನನಗಿದ್ದ ಚಿಂತೆ ಬೇರೆ. ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು.

ಅಪ್ಪ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರಾಗಿದ್ದವರು. ಯಾವ ಬಸ್ಸು ಎಲ್ಲಿಗೆ, ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವರ ಕೆಲಸ. ಅವರ ದನಿ ಗೊತ್ತಿಲ್ಲದ ಪ್ರಯಾಣಿಕರೇ ಇರಲಿಲ್ಲ ಎಂದು ನಾನು ಈಗಲೂ ಜಂಬದಿಂದ ಹೇಳಿಕೊಳ್ಳುತ್ತೇನೆ. ನಿವೃತ್ತಿಯ ನಂತರ ಗ್ಲಾಕೋಮಾದಿಂದ ಅವರ ದೃಷ್ಟಿ ಸ್ವಲ್ಪಸ್ವಲ್ಪವೇ ಹೋಯಿತು. ಈಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎನ್ನುವುದು ಬಿಟ್ಟರೆ ಏನೂ ಕಾಣುವುದಿಲ್ಲ. ಅವ್ವ ಹೋದ ಮೇಲೆ ಅಪ್ಪ ಅಮೆರಿಕಕ್ಕೆ ಬಂದು, ಸಿಯಾಟಲ್ ಬಳಿಯ ಬಾಥೆಲ್‌ನಲ್ಲಿ ನಮ್ಮ ಜೊತೆಗೇ ಇದ್ದಾರೆ.

ಬಂದ ಹೊಸದರಲ್ಲಿ ಎಲ್ಲ ಕಡೆಗೂ ಬರುತ್ತಿದ್ದರು. ಒಂದು ಸಲ ದೇವಸ್ಥಾನದಲ್ಲಿ ಊಟಕ್ಕೆ ಕುಳಿತಾಗ ಪಕ್ಕದವರೊಬ್ಬರ ಜೊತೆ ಮಾತಿಗಿಳಿದರು. ಆ ಮನುಷ್ಯ ಫೋನ್ ಬಂತೆಂದು ಎದ್ದು ಹೋಗಿದ್ದು ಅಪ್ಪನಿಗೆ ಗೊತ್ತಾಗಲಿಲ್ಲ. ಖಾಲಿ ಕುರ್ಚಿಗೆ ಹುಬ್ಬಳ್ಳಿಯ ಕಥೆ ಹೇಳುತ್ತಲೇ ಇದ್ದರು. ಎದುರಿನ ಟೇಬಲ್ಲಿನ ಮಕ್ಕಳು ಕಿಸಕ್ಕೆಂದು ನಕ್ಕವು. ನಾನು ಪಾಯಸ ಹಿಡಿದುಕೊಂಡು ಬರುವಷ್ಟರಲ್ಲಿ ಅಪ್ಪ ಮುಖ ತಗ್ಗಿಸಿ ಕುಳಿತಿದ್ದರು. ಅಂದಿನಿಂದ ಅವರು ಯಾರ ಮನೆಗೂ ಬರಲಿಲ್ಲ. ನಮ್ಮ ಮನೆಗೇ ಯಾರಾದರೂ ಬಂದರೆ ಕೋಣೆಯ ಬಾಗಿಲು ಹಾಕಿಕೊಂಡುಬಿಡುತ್ತಿದ್ದರು.

ಅವರನ್ನು ಹಾಲ್‌ಗೆ ಎಳೆದು ತಂದಿದ್ದು ಈ ಫುಟ್‌ಬಾಲ್. ಭಾನುವಾರ ಪಂದ್ಯ ಇದ್ದಾಗ ನನ್ನ ಗಂಡ ಮಹೇಶ್ ಮತ್ತು ಮಗಳು ಅನಘಾ ಸೋಫಾದ ಮೇಲೆ ಕುಳಿತು ಕಿರುಚಾಡುತ್ತಾರೆ. ಏನು ಗದ್ದಲ ಅದು ಎಂದು ಕೇಳಲು ಬಂದ ಅಪ್ಪ ಅಲ್ಲೇ ಕುಳಿತರು. ಅನಘಾಗೆ ಕನ್ನಡ ತಿಳಿಯುತ್ತದೆ, ಆದರೆ ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಮಹೇಶ್ ಮಂಡ್ಯದವರು, ಪಂದ್ಯದ ಹೊತ್ತಿನಲ್ಲಿ ಅವರಿಗೆ ಯಾವ ಭಾಷೆಯೂ ಬರುವುದಿಲ್ಲ. ಹಾಗಾಗಿ ಅಪ್ಪನಿಗೆ ಆಟ ಹೇಳುವ ಕೆಲಸ ನನ್ನ ತಲೆಗೆ ಬಂತು.

ಇಲ್ಲಿಯ ಫುಟ್‌ಬಾಲನ್ನು ಕೈಯಲ್ಲಿ ಹಿಡಿದುಕೊಂಡು ಆಡುತ್ತಾರೆ. ಹತ್ತು ಗಜ ಮುಂದೆ ಹೋಗಲು ಒಂದು ತಂಡಕ್ಕೆ ನಾಲ್ಕು ಅವಕಾಶ. ಹಾಗೆ ಮುಂದುವರಿದು ಚೆಂಡನ್ನು ಮೈದಾನದ ಕೊನೆಯ ಗೆರೆ ದಾಟಿಸಿದರೆ ಆರು ಅಂಕ. ಕ್ವಾರ್ಟರ್‌ಬ್ಯಾಕ್ ಎನ್ನುವವನ ಕೈಗೆ ಮೊದಲು ಚೆಂಡು ಬರುತ್ತದೆ. ಅವನು ಅದನ್ನು ಓಟಗಾರನಿಗೆ ಕೊಟ್ಟು ಗುಂಪಿನೊಳಗೆ ನುಗ್ಗಿಸಬಹುದು, ಇಲ್ಲವೇ ದೂರದಲ್ಲಿ ಓಡುತ್ತಿರುವವನಿಗೆ ಎಸೆಯಬಹುದು. ಓಟದಲ್ಲಿ ಸಿಗುವುದು ಎರಡೋ ಮೂರೋ ಗಜ. ಎಸೆದರೆ ಒಂದೇ ಸಲಕ್ಕೆ ಅರ್ಧ ಮೈದಾನ ದಾಟಬಹುದು, ಆದರೆ ಎದುರಾಳಿ ನಡುವೆ ಹಾರಿ ಕಸಿದುಕೊಳ್ಳುವ ಭಯ. ಬರೀ ಓಡಿದರೆ ಎದುರಾಳಿಗಳೆಲ್ಲ ಮುಂದೆ ಬಂದು ಗೋಡೆ ಕಟ್ಟುತ್ತಾರೆ. ಬರೀ ಎಸೆದರೆ ಹಿಂದೆ ಸರಿದು ಕಾಯುತ್ತಾರೆ. ಎರಡೂ ಹದವಾಗಿ ಬೆರೆತಾಗಲೇ ಅವರಿಗೆ ದಿಕ್ಕು ತಪ್ಪುವುದು.

ಅಪ್ಪ ಇದನ್ನು ತಕ್ಷಣ ಹಿಡಿದರು. ಅಷ್ಟೇ ಅಲ್ಲ, ಒಂದು ಉಪಾಯವನ್ನೂ ಕಂಡುಕೊಂಡರು. ತಟ್ಟೆಯಲ್ಲಿ ಹುರಿದ ಶೇಂಗಾ ಹಾಕಿಸಿಕೊಂಡು ತೊಡೆಯ ಮೇಲೆ ಎರಡು ಬಟ್ಟಲು ಇಟ್ಟುಕೊಳ್ಳುತ್ತಿದ್ದರು. ಓಟವಾದರೆ ಎಡಬಟ್ಟಲಿಗೆ ಒಂದು ಕಾಳು, ಎಸೆತವಾದರೆ ಬಲಬಟ್ಟಲಿಗೆ. ಬೆರಳಾಡಿಸಿದರೆ ಸಾಕು, ತಂಡ ಯಾವ ಕಡೆ ವಾಲಿದೆ ಎಂದು ತಿಳಿಯುತ್ತಿತ್ತು. ಬಲಬಟ್ಟಲು ತುಂಬುತ್ತಿದ್ದರೆ ತರಬೇತುದಾರನಿಗೆ ಹುಬ್ಬಳ್ಳಿ ಭಾಷೆಯಲ್ಲಿ ಪೂಜೆ ಶುರು. ಅನಘಾ ಮೆಲ್ಲಗೆ ಬಲಬಟ್ಟಲಿನ ಕಾಳು ತಿಂದುಬಿಟ್ಟು, ತಂಡ ಬಹಳ ಓಡುತ್ತಿದೆ ಎಂದು ಅಜ್ಜನನ್ನು ನಂಬಿಸಿದ್ದೂ ಉಂಟು.

ನಾನು ಹೇಳುವುದರಲ್ಲಿ ಮಾತ್ರ ಒಂದು ತೊಡಕಿತ್ತು. ಎಷ್ಟೋ ಸಲ ಕ್ವಾರ್ಟರ್‌ಬ್ಯಾಕ್ ಓಟಗಾರನಿಗೆ ಚೆಂಡು ಕೊಟ್ಟಂತೆ ನಟಿಸಿ, ತನ್ನಲ್ಲೇ ಬಚ್ಚಿಟ್ಟುಕೊಂಡು ಎಸೆಯುತ್ತಾನೆ. ನಾನು "ಕೊಟ್ಟ, ಓಡಿದ" ಎಂದು ಹೇಳಿಬಿಟ್ಟಿರುತ್ತಿದ್ದೆ. ಅಪ್ಪ ಎಡಬಟ್ಟಲಿಗೆ ಕಾಳು ಹಾಕುವಷ್ಟರಲ್ಲಿ ಚೆಂಡು ಆಕಾಶದಲ್ಲಿ. ಒಂದು ದಿನ ಅವರಿಗೆ ಸಿಟ್ಟೇ ಬಂತು.

"ಇಂಜಿನ್ ಚಾಲೂ ಆತು ಅಂತ ಬಸ್ ಬಿಟ್ಟತಿ ಅಂತ ಅನೌನ್ಸ್ ಮಾಡ್ತಾರೇನು? ಗೇಟ್ ದಾಟೂ ತನಕ ಬಾಯಿ ಬಿಡಬ್ಯಾಡ. ಓಡೂ ಮಂದಿನ್ನ ನೋಡಬ್ಯಾಡ, ಚೆಂಡು ಯಾರ ಕೈಯಾಗ ಐತಿ ಅನ್ನೂದು ನೋಡು."

ಬೈಗುಳವೇ ಆದರೂ ನನಗೆ ಖುಷಿಯಾಯಿತು. ಎಷ್ಟೋ ತಿಂಗಳ ನಂತರ ಅಪ್ಪ ಹಿಂದಿನಂತೆ ಗದರಿಸಿದ್ದರು.

ನ್ಯೂಕ್ಯಾಸಲ್‌ಗೆ ಬರಲು ಅವರು ಸುಲಭಕ್ಕೆ ಒಪ್ಪಲಿಲ್ಲ. ನೀವು ಹೋಗಿ ಬನ್ನಿ, ನಾನು ಮನೆಯಲ್ಲೇ ರೇಡಿಯೋ ಕೇಳುತ್ತೇನೆ ಎಂದರು. ಇಂಗ್ಲಿಷ್ ರೇಡಿಯೋ ತಿಳಿಯುವುದಿಲ್ಲವಲ್ಲ ಎಂದರೆ, ಸದ್ದಾದರೂ ಕೇಳಿಸುತ್ತದಲ್ಲ ಎಂದರು. ನೀವು ಬರದಿದ್ದರೆ ನಾನೂ ಹೋಗುವುದಿಲ್ಲ, ಭಜಿ ಎಲ್ಲ ನೀವೇ ತಿನ್ನಬೇಕು ಎಂದು ಹಟ ಹಿಡಿದೆ. ಕೊನೆಗೆ ಒಂದು ಮಾತಿನ ಮೇಲೆ ಹೊರಟರು: ಇದೊಂದು ಸಲ, ಅಲ್ಲಿ ಸರಿಯೆನಿಸದಿದ್ದರೆ ಮತ್ತೆಂದೂ ಕರೆಯಕೂಡದು. ನಾನು ಒಪ್ಪಿದೆ. ಕಾರಿನಲ್ಲಿ ಹೋಗುವಾಗ ದೇವರನ್ನು ಬೇಡಿಕೊಳ್ಳುತ್ತಿದ್ದದ್ದು ತಂಡಕ್ಕಾಗಿ ಅಲ್ಲ.

ನಾಗರಾಜ್ ಮನೆಯ ಕೆಳಗಿನ ಹಾಲ್‌ನಲ್ಲಿ ಗೋಡೆಯಷ್ಟು ದೊಡ್ಡ ಟಿವಿ. ಮುಂದೆ ಗಂಡಸರು, ಹುಡುಗರು. ಹಿಂದಿನ ಸಾಲಿನಲ್ಲಿ ಊರಿನಿಂದ ಬಂದಿದ್ದ ಹಿರಿಯರು ತಟ್ಟೆ ಹಿಡಿದುಕೊಂಡು ತೂಕಡಿಸುತ್ತಿದ್ದರು. ಅವರ ಪಕ್ಕದಲ್ಲಿ ಅಪ್ಪನನ್ನು ಕೂರಿಸಿ, ಬಟ್ಟಲು ಕೊಟ್ಟು, ಕಿವಿಯ ಹತ್ತಿರ ಬಾಗಿ ಹೇಳತೊಡಗಿದೆ.

ಮೊದಲರ್ಧ ಬಹಳ ಕೆಟ್ಟದಾಗಿತ್ತು. ನಮ್ಮವರು ಎಸೆದಿದ್ದೇ ಎಸೆದಿದ್ದು. ಎರಡು ಸಲ ಎದುರಾಳಿಗಳು ನಡುವೆ ಹಾರಿ ಕಸಿದುಕೊಂಡರು. ಅಪ್ಪನ ಬಲಬಟ್ಟಲು ತುಂಬಿ, ಎಡಬಟ್ಟಲಿನಲ್ಲಿ ತಳ ಕಾಣುತ್ತಿತ್ತು. ಗಲಾಟೆಯಲ್ಲಿ ನನ್ನ ಪಿಸುಮಾತು ಅವರಿಗೆ ಕೇಳಿಸಲಿಲ್ಲ, ನಾನು ದನಿ ಏರಿಸಿದೆ. ಆಗ ಮುಂದಿನ ಸಾಲಿನ ಯುವಕನೊಬ್ಬ ತಿರುಗಿ, ಆಂಟಿ, ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ, ಕಾಮೆಂಟರಿ ಕೇಳಿಸ್ತಿಲ್ಲ ಎಂದ. ಪಾಪ, ವಿನಯದಿಂದಲೇ ಹೇಳಿದ. ಆಂಟಿ ಅಂದಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ, ಅದು ಬೇರೆ ಮಾತು.

ಅಪ್ಪನಿಗೆ ಅದು ಕೇಳಿಸಿತು. ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು ನನ್ನ ಕೈಗೆ ಕೊಟ್ಟರು. "ಮನೀಗೆ ಹೋಗೂಣು, ಶೈಲಾ" ಎಂದರು, ಅಷ್ಟೇ. ನನಗೆ ಕಣ್ಣು ತುಂಬಿ ಬಂತು. ಈಗ ಹೊರಟರೆ ಇನ್ನು ಯಾವತ್ತೂ ಇವರು ಹೊಸ್ತಿಲು ದಾಟುವುದಿಲ್ಲ ಎಂದು ನನಗೆ ಖಚಿತವಾಗಿತ್ತು. ಆದರೂ ಅವರ ಕೋಟು ತರಲು ಎದ್ದೆ.

ಆಗ ಪಕ್ಕದಲ್ಲೇ ಕುಳಿತಿದ್ದ ನಾಗರಾಜ್ ತಾಯಿ ರಂಗಮ್ಮನವರು ನನ್ನ ಸೆರಗು ಹಿಡಿದು ಕೂರಿಸಿದರು. ಅವರು ತುಮಕೂರಿನವರು, ಮಗನಿಗೂ ಹೆದರುವುದಿಲ್ಲ, ನೆಂಟರಿಗೂ ಹೆದರುವುದಿಲ್ಲ.

"ಲೋ ನಾಗ, ಆ ಟಿವಿ ಸೌಂಡ್ ತೆಗ್ದು ಇವಳ ಕೈಗೆ ಮೈಕ್ ಕೊಡೋ. ಇಷ್ಟು ವರ್ಷದಿಂದ ಈ ಆಟ ನೋಡ್ತಿದೀನಿ, ಏನ್ ಆಡ್ತಾರೆ ಅಂತ ಇವತ್ತೇ ಅರ್ಥ ಆಗಿದ್ದು."

ನನ್ನ ಪಿಸುಮಾತನ್ನು ಆ ಸಾಲಿನ ಹಿರಿಯರೆಲ್ಲ ಕಿವಿಗೊಟ್ಟು ಕೇಳುತ್ತಿದ್ದರು ಎಂದು ನನಗೆ ಆಗ ಗೊತ್ತಾಯಿತು. ತೂಕಡಿಸುತ್ತಿದ್ದವರೂ ಹೌದು ಹೌದು ಎಂದರು. ತಾಯಿಯ ಮಾತು ಮೀರುವ ಧೈರ್ಯ ನಾಗರಾಜ್‌ಗೆ ಇಲ್ಲ. ಕರೋಕೆ ಹಾಡಲು ಇಟ್ಟಿದ್ದ ಮೈಕ್ ನನ್ನ ಕೈಗೆ ಬಂತು, ಟಿವಿ ಮೂಕವಾಯಿತು. ಗಂಡಸರು ಗೊಣಗಿದರು. ಮಹೇಶ್ ನನ್ನ ಕಡೆ ನೋಡಲೇ ಇಲ್ಲ.

ಮೈಕ್ ಹಿಡಿದು ಎದ್ದು ನಿಂತೆ. ನಾನು ಯಾರ ಮಗಳು? ಬಸ್ ಸ್ಟ್ಯಾಂಡಿನ ದನಿ ನನ್ನ ಗಂಟಲಲ್ಲೂ ಇತ್ತು. ಎರಡನೆಯ ಅರ್ಧವನ್ನು ಶುದ್ಧ ಹುಬ್ಬಳ್ಳಿ ಕನ್ನಡದಲ್ಲಿ ಹೇಳತೊಡಗಿದೆ.

ನಮ್ಮ ತರಬೇತುದಾರನಿಗೂ ಬುದ್ಧಿ ಬಂದಿತ್ತು. ಓಟ ಶುರುವಾಯಿತು. ಎರಡು ಗಜ, ಮೂರು ಗಜ, ಮತ್ತೆ ಎರಡು. ಮುಂದಿನ ಸಾಲಿನವರು ಆಕಳಿಸಿದರು. ಅಪ್ಪ ಮಾತ್ರ ನನ್ನಿಂದ ಮತ್ತೆ ಬಟ್ಟಲು ಇಸಿದುಕೊಂಡು ಎಡಗಡೆ ಕಾಳು ಹಾಕುತ್ತ ಹೋದರು. ಎದುರಾಳಿಗಳು ಓಟ ತಡೆಯಲು ಒಬ್ಬೊಬ್ಬರಾಗಿ ಮುಂದೆ ಸರಿಯತೊಡಗಿದರು. ಅದೇ ಹೊತ್ತಿಗೆ ನಾನು ಮೈಕಿನಲ್ಲಿ "ಕೊಟ್ಟ" ಎಂದೆ, ಚೆಂಡು ನೋಡಿದರೆ ಗಾಳಿಯಲ್ಲಿತ್ತು. ದೊಡ್ಡ ಎಸೆತ, ಅಂಕವೂ ಬಂತು. ಇಡೀ ಹಾಲ್ ನನ್ನನ್ನು ನೋಡಿ ನಕ್ಕಿತು. ನಾನು ನಾಚಿಕೊಂಡು ಅಪ್ಪನ ಕಡೆ ತಿರುಗಿದರೆ ಅವರೂ ನಗುತ್ತಿದ್ದರು.

"ನೀ ಮೋಸ ಹೋದಿ ಅಂದ್ರ ಆ ಕಡೆಯವರೂ ಹೋಗ್ಯಾರ. ಓಟ ಕೆಲಸ ಮಾಡಾಕತ್ತೈತಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಮೆಲ್ಲಗೆ ಮಾತಾಡಿ ಎಂದಿದ್ದ ಆ ಯುವಕ ಈಗ ಹಿಂದೆ ತಿರುಗಿ, ಅಂಕಲ್, ನಿಮ್ಮ ಬಟ್ಟಲು ಏನು ಹೇಳುತ್ತೆ, ಮುಂದೆ ಏನು ಮಾಡ್ತಾರೆ ಎಂದು ಕೇಳತೊಡಗಿದ. ಅಪ್ಪ ನೆಟ್ಟಗೆ ಕುಳಿತು ಉತ್ತರ ಕೊಟ್ಟರು. ಒಂದೆರಡು ಸಲ ತಪ್ಪಿತು, ಆಗ ಎಲ್ಲರೂ ಸೇರಿ ಅವರನ್ನು ಗೇಲಿ ಮಾಡಿದರು. ಅಪ್ಪನನ್ನು ಜನ ಗೇಲಿ ಮಾಡುವುದು ನನಗೆ ಅಷ್ಟು ಇಷ್ಟವಾಗುತ್ತದೆ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೊನೆಯ ನಿಮಿಷ ಬಂತು. ನಾವು ನಾಲ್ಕು ಅಂಕ ಹಿಂದೆ. ಕೊನೆಯ ಗೆರೆಗೆ ಇನ್ನು ಎರಡೇ ಗಜ, ಆದರೆ ಉಳಿದಿರುವುದು ಕೊನೆಯ ಅವಕಾಶ. ಅಷ್ಟು ಚೆನ್ನಾಗಿ ಓಡುತ್ತಿರುವ ತಂಡ ಇನ್ನೇನು ಮಾಡೀತು? ಎದುರಾಳಿಗಳು ಒಟ್ಟಾಗಿ ಗೋಡೆಯಂತೆ ನಿಂತರು.

ಕ್ವಾರ್ಟರ್‌ಬ್ಯಾಕ್ ತಿರುಗಿ ಓಟಗಾರನ ಹೊಟ್ಟೆಗೆ ಕೈ ಚಾಚಿದ. ಓಟಗಾರ ಬಗ್ಗಿ ನುಗ್ಗಿದ. ಟಿವಿ ಕ್ಯಾಮೆರಾ ಅವನ ಹಿಂದೆಯೇ ಹೋಯಿತು. ಹಾಲ್‌ನಲ್ಲಿ ಎಲ್ಲರೂ ಎದ್ದು ಓಡು ಓಡು ಎಂದು ಕೂಗಿದರು. ನನ್ನ ನಾಲಿಗೆಯ ತುದಿಗೂ ಅದೇ ಬಂದಿತ್ತು, ಕಚ್ಚಿಕೊಂಡೆ. ಓಡುವವರನ್ನು ಬಿಟ್ಟು ಚೆಂಡನ್ನು ಹುಡುಕಿದೆ. ಪರದೆಯ ಅಂಚಿನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಸೊಂಟದ ಹಿಂದೆ ಅದು ಕಂಡಿತು.

"ಕೊಟ್ಟಿಲ್ಲ. ಇವನ ಕೈಯಾಗೇ ಐತಿ. ಗೆರಿ ದಾಟಿ ಎಡಗಡೆ ಮೂಲ್ಯಾಗ ನಮ್ಮಾಂವ ಒಬ್ಬನೇ ನಿಂತಾನ. ಒಗದ. ಹಿಡದ."

ಹಾಲ್‌ನಲ್ಲಿ ಮೊದಲು ಕೂಗಿದ್ದು ಅಪ್ಪ. ಉಳಿದವರು ಇನ್ನೂ ಆ ಓಟಗಾರ ಬಿದ್ದ ಗುಂಪಿನಲ್ಲಿ ಚೆಂಡು ಹುಡುಕುತ್ತಿದ್ದಾಗ ಅಪ್ಪ ಎದ್ದು ನಿಂತು ಎರಡೂ ಕೈ ಮೇಲೆತ್ತಿದ್ದರು. ಬಟ್ಟಲು ಉರುಳಿ ಶೇಂಗಾ ಕಾರ್ಪೆಟ್ಟಿನ ತುಂಬ ಚೆಲ್ಲಿತು. ಆಮೇಲೆ ಇಡೀ ಹಾಲ್ ಕೂಗಾಟದಿಂದ ಅದುರಿತು. ಯಾರು ಯಾರನ್ನು ಅಪ್ಪಿಕೊಂಡರೋ ಗೊತ್ತಿಲ್ಲ. ಆ ಯುವಕ ಅಪ್ಪನನ್ನು ಎತ್ತಿಯೇಬಿಟ್ಟ. ಅನಘಾ ನನ್ನ ಕೈಯಿಂದ ಮೈಕ್ ಕಸಿದು, ಕನ್ನಡದಲ್ಲಿ, "ಇದು ನಮ್ಮ ಅಮ್ಮ" ಎಂದಳು. ಮಹೇಶ್ ಆಗ ನನ್ನ ಕಡೆ ನೋಡಿದರು, ನೋಡುತ್ತಲೇ ಇದ್ದರು.

ಮುಂದಿನ ವಾರದ ಪಂದ್ಯವನ್ನು ನಮ್ಮ ತಂಡ ಹೀನಾಯವಾಗಿ ಸೋತಿತು. ಆ ದಿನವೂ ಅಪ್ಪ ಬಂದಿದ್ದರು, ನಾನು ಎಬ್ಬಿಸುವ ಮೊದಲೇ ಶರ್ಟು ಹಾಕಿಕೊಂಡು ಕುಳಿತಿದ್ದರು. ಈಗ ಫುಟ್‌ಬಾಲ್ ಋತುವಿನಲ್ಲಿ ಅವರಿಲ್ಲದೆ ನಾಗರಾಜ್ ಮನೆಯಲ್ಲಿ ಟಿವಿ ಹಚ್ಚುವುದಿಲ್ಲ. ಕೆಲಸದಲ್ಲಿ ನನಗೆ ಬಡ್ತಿ ಸಿಕ್ಕಿದೆ, ಒಂದೆರಡು ಪ್ರಶಸ್ತಿಗಳೂ ಬಂದಿವೆ. ಯಾವುದಕ್ಕೂ ಆ ಮಧ್ಯಾಹ್ನದಷ್ಟು ಹೆಮ್ಮೆ ನನಗಾಗಿಲ್ಲ.

ಅಪ್ಪ ನನ್ನನ್ನು ಎದುರಿಗೆ ಯಾವತ್ತೂ ಹೊಗಳಿದವರಲ್ಲ. ಆ ಗೆದ್ದ ದಿನ ಮನೆಗೆ ಬಂದ ಮೇಲೆ ಹುಬ್ಬಳ್ಳಿಯ ಹಳೆಯ ಗೆಳೆಯನಿಗೆ ಫೋನ್ ಹಚ್ಚಿಕೊಡು ಎಂದರು. ನಾನು ಚಹಾ ತರಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಅಪ್ಪ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, ದನಿ ಏರಿಸಿದರು.

"ಮೈಕ್ ಹಿಡದಿದ್ದಾಕಿ ನನ್ನ ಮಗಳು. ಅಷ್ಟು ಮಂದಿ ಕಣ್ಣ ತೆರಕೊಂಡು ಕುಂತಿದ್ರು ನೋಡಪಾ, ಆ ಚೆಂಡನ್ನ ಎಲ್ಲಾರಕಿಂತ ಮೊದಲ ನೋಡಿದಾಂವ ನಾನು."