ಆಟೋ ನುಂಗಿದ ಅಕ್ಷರ

ಇದನ್ನು ಕಟ್ಟುಕಥೆ ಅಂದುಕೊಳ್ಳುವವರು ಅಂದುಕೊಳ್ಳಲಿ, ನನಗೇನೂ ಬೇಜಾರಿಲ್ಲ. ಆ ರಾತ್ರಿ ಮೆಟ್ಟಿಲ ಮೇಲೆ ಅತ್ತೆಯನ್ನು ಹಿಡಿದುಕೊಂಡು ನಿಂತಿದ್ದವಳು ನಾನೇ, ಆ ಮಾತು ಬಿದ್ದದ್ದು ಈ ಕಿವಿಗೇ. ದೆವ್ವ ಭೂತ ನಂಬುವವಳು ನಾನಲ್ಲ. ಅಷ್ಟು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳಿಗೆ ಮನುಷ್ಯರ ಕಾಟವೇ ಸಾಕಾಗಿತ್ತು.

ಮದರಾಸು ಹೆಸರು ಬದಲಿಸಿಕೊಂಡು ಚೆನ್ನೈ ಆಗಿ ಒಂದೆರಡು ವರ್ಷವಾಗಿತ್ತು. ಮೈಲಾಪುರದ ಹಳೇ ಫ್ಲ್ಯಾಟೊಂದರ ಎರಡನೇ ಮಹಡಿಯಲ್ಲಿ ನಮ್ಮ ಮನೆ. ನೆಲಮಹಡಿಯ ಮನೆಯಲ್ಲಿ ಕಮಲಮ್ಮ, ನಮ್ಮತ್ತೆಯ ಮೂವತ್ತು ವರ್ಷದ ಗೆಳತಿ. ಅವರ ಕಿಟಕಿ ಮೆಟ್ಟಿಲಿನ ಪಕ್ಕಕ್ಕೇ ಇತ್ತು. ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತ ಅಲ್ಲೇ ಕೂತಿರುತ್ತಿದ್ದರು. ಯಾರು ಇಳಿದು ಬಂದರೂ ಒಂದೇ ಪ್ರಶ್ನೆ.

"ದೂರಾನಾ?"

ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮವರ ಶಾಸ್ತ್ರವಲ್ಲವೇ? ಕುತೂಹಲ ತಡೆಯದವರಿಗೆ ಇದೊಂದು ಅಡ್ಡದಾರಿ. ಸೊಪ್ಪು ತರಲು ಹೊರಟರೂ ದೂರಾನಾ, ತಿರುಪತಿಗೆ ಹೊರಟರೂ ದೂರಾನಾ. ನನಗೆ ರೇಗಿಹೋಗುತ್ತಿತ್ತು.

ನಾನು ಹೇಳುತ್ತಿರುವ ರಾತ್ರಿಯ ಹೊತ್ತಿಗೆ ಕಮಲಮ್ಮ ಸೇಲಂನಲ್ಲಿದ್ದ ಮಗಳ ಮನೆಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಕೆಳಗಿನ ಮನೆಗೆ ಬೀಗ. ನನ್ನ ಗಂಡ ರೈಲ್ವೆ ಕೆಲಸದ ಮೇಲೆ ಮಧುರೈಗೆ ಹೋಗಿದ್ದರು. ಮನೆಯಲ್ಲಿ ನಾನು, ಅತ್ತೆ, ಇಬ್ಬರೇ.

ಒಂದೂವರೆ ಗಂಟೆ ಇರಬಹುದು. ಅತ್ತೆಯ ಕೋಣೆಯಿಂದ ನರಳುವ ಸದ್ದು... ಹೋಗಿ ದೀಪ ಹಾಕಿದೆ. ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ಫ್ಯಾನು ತಿರುಗುತ್ತಿದ್ದರೂ ಕುಪ್ಪಸ ಬೆವರಿನಲ್ಲಿ ತೊಯ್ದುಹೋಗಿತ್ತು.

"ಏನಾಯ್ತಮ್ಮಾ?"

"ಏನಿಲ್ಲ ಕಣೇ ವಾಣಿ, ಗ್ಯಾಸು. ಸಾಯಂಕಾಲ ಆ ವಡೆ ತಿನ್ನಬಾರದಿತ್ತು. ದವಡೆ ಬೇರೆ ಎಳೀತಿದೆ..."

ವಡೆ ತಿಂದರೆ ದವಡೆ ಯಾಕೆ ಎಳೆಯಬೇಕು ಎಂದು ನನಗೆ ಆಗ ಹೊಳೆಯಲಿಲ್ಲ. ಇವತ್ತಿಗೂ ಅದಕ್ಕೆ ನನ್ನನ್ನು ನಾನೇ ಶಪಿಸಿಕೊಳ್ಳುತ್ತೇನೆ.

ಎರಡು ಬೀದಿಯಾಚೆ ರಾತ್ರಿಯೆಲ್ಲ ತೆರೆದಿರುವ ಸಣ್ಣ ಕ್ಲಿನಿಕ್ಕೊಂದಿತ್ತು. ಜ್ವರ, ವಾಂತಿ, ಕೈ ಕೊಯ್ದುಕೊಂಡವರು ಹೋಗುವ ಜಾಗ. ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಆಟೋದಲ್ಲಿ ಇಪ್ಪತ್ತು ನಿಮಿಷ. ಅಲ್ಲಿಗೇ ಹೋಗೋಣವೆಂದು ನನ್ನ ಮನಸ್ಸು ಒಮ್ಮೆ ಹೇಳಿತು. ಆದರೆ ಆ ಆಸ್ಪತ್ರೆಯ ಹೆಸರೆತ್ತಿದರೆ ಅತ್ತೆಗೆ ಆಗುತ್ತಿರಲಿಲ್ಲ. ನಮ್ಮ ಮಾವನವರು ಅಲ್ಲಿಂದ ಜೀವಂತ ಬಂದಿರಲಿಲ್ಲ.

"ಇಲ್ಲೇ ಕ್ಲಿನಿಕ್ಕಲ್ಲಿ ಒಂದು ಊಸಿ ಹಾಕಿಸ್ಕೊಂಡು ಬಂದ್ಬಿಡೋಣ ಕಣೇ. ಊರೆಲ್ಲ ರಂಪ ಬೇಡ," ಅಂದರು. ಊಸಿ ಎಂದರೆ ಇಂಜೆಕ್ಷನ್. ಅವರ ಕನ್ನಡದಲ್ಲಿ ಅರ್ಧ ತಮಿಳೇ.

ನಾನು ಮೊದಲು ಇಳಿದು ಹೋಗಿ, ಗೇಟಿನ ಬಳಿ ಆಟೋದಲ್ಲೇ ಮಲಗುತ್ತಿದ್ದ ಮುರುಗನನ್ನು ಎಬ್ಬಿಸಿದೆ. ಅವನು ಆಟೋವನ್ನು ಮೆಟ್ಟಿಲಿನ ಬುಡಕ್ಕೇ ತಂದು ನಿಲ್ಲಿಸಿದ. ಅತ್ತೆಯ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬಂದೆ. ಇಂಜಿನ್ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಎಂಗಮ್ಮಾ ಪೋಣುಂ? ಪೆರಿಯ ಆಸ್ಪತ್ರಿಯಾ?" ಎಂದು ಮುರುಗ ಕೂಗಿದ. ಎಲ್ಲಿಗೆ, ದೊಡ್ಡಾಸ್ಪತ್ರೆಗಾ ಎಂದು. 'ಎಲ್ಲಿಗೆ' ಎಂದದ್ದಕ್ಕೆ ಅತ್ತೆ ಆ ನೋವಿನಲ್ಲೂ ಮುಖ ಸಿಂಡರಿಸಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಘಮ್ಮೆಂದು ನೀಲಗಿರಿ ಎಣ್ಣೆಯ ವಾಸನೆ ಬಂತು. ಪಕ್ಕದ ಕಿಟಕಿಯಿಂದ ಆ ಪರಿಚಯದ ದನಿ...

"ದೂರಾ..."

ಕೊನೆಯ ಅಕ್ಷರವನ್ನು ಆಟೋ ನುಂಗಿತು. ಎಷ್ಟೋ ವರ್ಷದ ಅಭ್ಯಾಸ, ನೋಡದೇ ಉತ್ತರ ಕೊಟ್ಟೆ. "ಇಲ್ಲ ಕಮಲಮ್ಮಾ, ಇಲ್ಲೇ ಹತ್ತಿರ."

ಮುರುಗನಿಗೂ ಅದೇ ಉತ್ತರವಾಯಿತು. ಆಟೋ ಬೀದಿಯ ತಿರುವಿಗೆ ಬಂದಾಗ ನೆನಪಾಯಿತು, ಆ ಮನೆಗೆ ಬೀಗ ಹಾಕಿದೆಯಲ್ಲ! ಅತ್ತೆಯ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು.

ಕ್ಲಿನಿಕ್ಕಿನ ನಿದ್ದೆಗಣ್ಣಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಇಂಜೆಕ್ಷನ್ ಕೊಟ್ಟರು. "ಗ್ಯಾಸ್ ದಾನ್ ಮಾ," ಬರೀ ಗ್ಯಾಸು ಎಂದರು. "ಬೇಕಿದ್ದರೆ ಬೆಳಿಗ್ಗೆ ಇಸಿಜಿ ತೆಗೆಸಿ." ಅರ್ಧ ಗಂಟೆ ಕೂರಿಸಿಕೊಂಡು ಕಳಿಸಿದರು. 'ನಾನು ಹೇಳಲಿಲ್ಲವೇ' ಎಂಬಂತೆ ಅತ್ತೆ ನನ್ನತ್ತ ನೋಡಿದರು. ನನಗೂ ಹೋದ ಜೀವ ಬಂದಂತಾಯಿತು.

ವಾಪಸು ಬಂದಾಗ ಮುರುಗ ನಮ್ಮನ್ನು ಇಳಿಸಿ, ಇಂಜಿನ್ ಆರಿಸಿ, ಆಟೋವನ್ನು ಗೇಟಿನ ಕಡೆಗೆ ತಳ್ಳಿಕೊಂಡು ಹೋದ. ಎಲ್ಲೋ ಯಾರೋ ಕೈಪಂಪು ಹೊಡೆಯುತ್ತಿದ್ದರು, ಕಿರ್ರ್... ಕಿರ್ರ್... ಅದು ಬಿಟ್ಟರೆ ಸದ್ದಿಲ್ಲ. ಕಿಟಕಿಯ ಬಾಗಿಲು ಭದ್ರವಾಗಿ ಮುಚ್ಚಿತ್ತು, ಸರಳುಗಳ ಮೇಲೆ ಧೂಳು. ಆದರೂ ಅದೇ ವಾಸನೆ.

ಅತ್ತೆ ಕಿಟಕಿಯ ಮುಂದೆ ನಿಂತುಬಿಟ್ಟರು. ಯಾರೋ ಏನೋ ಹೇಳುತ್ತಿದ್ದಾರೆ ಎಂಬಂತೆ ಕತ್ತು ವಾಲಿಸಿದರು. ಈ ಸಲ ನನಗೆ ಏನೂ ಕೇಳಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

"ಹೂಂ ಕಮಲಾ," ಅಂದರು ಮೆತ್ತಗೆ. "ದೂರಾನೇ."

ಹಾಗೇ ಕುಸಿದು ಮೆಟ್ಟಿಲ ಮೇಲೆ ಕೂತರು. ನಾನು ಕಿರುಚಿದ್ದಕ್ಕೆ ಮುರುಗ ಓಡಿ ಬಂದ. ಇಬ್ಬರೂ ಎತ್ತಿ ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು.

ಎಮರ್ಜೆನ್ಸಿಯ ಡಾಕ್ಟರು ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಕೇಳಿದರು. ಒಂದೂವರೆಗೆ ಎಂದೆ. ಅವರು ಗೋಡೆಯ ಗಡಿಯಾರ ನೋಡಿದರು.

"ನೇರಾ ಇಂಗೆ ವಂದಿರುಕ್ಕಣುಂ ಮಾ."

ನೇರ ಇಲ್ಲಿಗೇ ಬರಬೇಕಿತ್ತು. ಬೆಳಗಾಗುವ ಮೊದಲೇ ಅತ್ತೆ ಹೋದರು.

ಮಾರನೇ ದಿನ ಸೇಲಂಗೆ ಫೋನ್ ಮಾಡಿದೆ. ಕಮಲಮ್ಮನ ಮಗಳು ಎತ್ತಿದಳು. ಸಾವಿನ ಸುದ್ದಿ ಹೇಳುವ ಮೊದಲೇ ನನ್ನ ಬಾಯಿಂದ ಬಂದದ್ದು, "ನಿಮ್ಮಮ್ಮ ಯಾವಾಗ ಇಲ್ಲಿಗೆ ಬಂದ್ರು? ರಾತ್ರಿ ನನ್ನನ್ನ ಮಾತಾಡಿಸಿದ್ರಲ್ಲ?"



"ಅಮ್ಮ ಇಲ್ಲೇ ಮಲಗಿದಾಳೆ ಅಕ್ಕಾ. ಸ್ಟ್ರೋಕ್ ಆಗಿ ಮಾತು ನಿಂತು ಎರಡು ತಿಂಗಳಾಯ್ತು. ನಿಮ್ಮತ್ತೆಗೆ ಕಾಗದ ಹಾಕಿದ್ದೆನಲ್ಲ?"

ಆ ಕಾಗದ ಆಮೇಲೆ ಅತ್ತೆಯ ದಿಂಬಿನ ಕೆಳಗೆ ಸಿಕ್ಕಿತು. ನಮಗೆ ಯಾರಿಗೂ ಅವರು ಹೇಳಿರಲಿಲ್ಲ.

ಇಷ್ಟು ವರ್ಷವಾದರೂ ನನ್ನನ್ನು ತಿನ್ನುತ್ತಿರುವುದು ಆಟೋ ನುಂಗಿದ ಆ ಒಂದಕ್ಷರ. ಅದು 'ನಾ' ಆಗಿದ್ದರೆ ಕಮಲಮ್ಮ ಎಂದಿನಂತೆ ಕೇಳಿದ್ದು, ಅಷ್ಟೇ. 'ನೇ' ಆಗಿದ್ದರೆ ಕೇಳಿದ್ದಲ್ಲ, ಹೇಳಿದ್ದು... ದೂರಕ್ಕೇ ಹೋಗಿ ಎಂದು. ನಾನು ಹತ್ತಿರ ಅಂದೆ.

ಈಗ ಲಿಫ್ಟಿರುವ ಬೇರೆ ಮನೆಯಲ್ಲಿದ್ದೇವೆ. ಯಾರು ಹೊರಟರೂ ನಾನು 'ಎಲ್ಲಿಗೆ' ಎಂದೇ ಕೇಳುತ್ತೇನೆ. ಅಪಶಕುನ ಎಂದು ಗಂಡ ಗೊಣಗುತ್ತಾರೆ. ಗೊಣಗಲಿ. ಆ ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದರೆ ಸಾಕು, ಈ ಮನೆಯಲ್ಲೂ ನೀಲಗಿರಿ ಎಣ್ಣೆಯ ವಾಸನೆ ಬರುತ್ತದೆ.