ಪಾಲಾಗದೆ ಉಳಿದ ಹೊಗೆ

೨೦೨೨ರ ಡಿಸೆಂಬರ್ ೧೧, ಭಾನುವಾರ. ಈ ದಿನಾಂಕಕ್ಕೆ ಆಧಾರ ನನ್ನ ಫೋನಿನಲ್ಲಿ ಇನ್ನೂ ಉಳಿದಿರುವ ಒಂದು ಸಂದೇಶ: “ಸರ್, ನಾಳೆ ಮುಂಜಾನೆ ಬರ್ತೇನ್ರಿ. ಒಲಿ ಹಚ್ಚಬ್ಯಾಡ್ರಿ.” ಸಂದೇಶ ಬಂದದ್ದು ಶನಿವಾರ ಸಂಜೆ. ಅಡುಗೆಮನೆಯ ಕ್ಯಾಲೆಂಡರಿನೊಡನೆ ತಾಳೆ ನೋಡಿದ್ದೇನೆ; ವಾರವೂ ತಾರೀಖೂ ಹೊಂದುತ್ತವೆ. ಆ ದಿನದ ಬಗ್ಗೆ ನಾನು ಖಚಿತವಾಗಿ ಹೇಳಬಲ್ಲದ್ದು ಬಹುಶಃ ಇಷ್ಟೇ.

ಸಂದೇಶ ಕಳಿಸಿದವನು ಹುಬ್ಬಳ್ಳಿಯಲ್ಲಿ ಬೇಕರಿ, ಹೋಟೆಲುಗಳ ಹೊಗೆಕೊಳವೆಗಳನ್ನು ಪರೀಕ್ಷಿಸಿ ಸ್ವಚ್ಛಗೊಳಿಸುವವನು. ಹಳ್ಳಿಯ ಮನೆಯೊಂದರಿಂದ ಅವನಿಗೆ ಕರೆ ಹೋದದ್ದು ಅದೇ ಮೊದಲು. ಕರೆದವನು ನಾನು; ಕಾರಣ ಅಕ್ಕ.

ನವಲಗುಂದ ತಾಲೂಕಿನ ನಮ್ಮ ಊರಿನ ಮನೆ ಮಣ್ಣಿನ ಮಾಳಿಗೆಯದು. ನಿವೃತ್ತಿಯ ನಂತರ ನಾನೂ ನನ್ನ ಹೆಂಡತಿಯೂ ಧಾರವಾಡ ಬಿಟ್ಟು ಇಲ್ಲಿಗೆ ಬಂದಾಗ ಅಡುಗೆಮನೆ ಅಕ್ಕನ ಸ್ವಾಧೀನದಲ್ಲಿತ್ತು, ಈಗಲೂ ಇದೆ. ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದ ಅವಳು, ಓಣಿಯ ಇಬ್ಬರು ಹೆಂಗಸರನ್ನು ಜೊತೆಗಿಟ್ಟುಕೊಂಡು ಖಾನಾವಳಿಗಳಿಗೆ ಖಡಕ್ ರೊಟ್ಟಿ ಮಾಡಿ ಕಳಿಸುತ್ತಾಳೆ. ಉರುವಲು ತಿರ್ಲಾಪುರದ ಕಡೆಯಿಂದ ಬರುವ ಹತ್ತಿಕಟ್ಟಿಗೆ. ಗ್ಯಾಸಿನ ಮೇಲೂ ಒಮ್ಮೆ ಮಾಡಿ ನೋಡಿದ್ದಳು. ರೊಟ್ಟಿಯ ಅಂಚು ಸೀದು ನಡುವೆ ಮೆತ್ತಗೆ ಉಳಿಯಿತೆಂದು ಕೈಬಿಟ್ಟಳು.

ಆ ವರ್ಷದ ದೀಪಾವಳಿಯ ಈಚೆಗೆ ಅಡುಗೆಮನೆಯಲ್ಲಿ ಹೊಗೆ ನಿಲ್ಲತೊಡಗಿತು. ಅಕ್ಕನಿಗೆ ಬಿಡದ ಕೆಮ್ಮು. ಹೊಗೆಗೆ ದಾರಿ ಮಾಡದಿದ್ದರೆ ಒಲೆಯನ್ನೇ ಬಿಡಬೇಕಾಗುತ್ತದೆ ಎಂದು ವೈದ್ಯರು ಹೇಳಿದರು. ನಾನು ಅದನ್ನೇ ಮತ್ತೆ ಹೇಳಿದ್ದಕ್ಕೆ ಅಕ್ಕ ನನ್ನತ್ತ ತಿರುಗಿಯೂ ನೋಡಲಿಲ್ಲ.

“ಒಲಿ ಬಿಟ್ಟು ಮೂಲ್ಯಾಗ ಕುಂತು ಏನ್ ಮಾಡ್ಲಿ? ನಿನ್ನಂಗ ತಾರೀಖ ಎಣಸ್ಲೇನು?”

ಹೊಗೆಕೊಳವೆಯವನು ಬೈಕಿನ ಹಿಂದೆ ಬ್ರಷ್ಷಿನ ಸಲಾಕೆಗಳನ್ನು ಕಟ್ಟಿಕೊಂಡು ಬಂದ. ನಡುವಯಸ್ಸು, ಗಟ್ಟಿ ದನಿ, ಮಾತು ಬಹಳ. ಒಲೆಯ ಸುತ್ತ ಪ್ಲಾಸ್ಟಿಕ್ ತಾಡಪತ್ರಿ ಹಾಸಿ, ರೊಟ್ಟಿಯ ಬುಟ್ಟಿಗಳನ್ನು ಪಡಸಾಲೆಗೆ ಸಾಗಿಸಿ, ಗೋಡೆಯೊಳಗೆ ಹೋಗುವ ಕೊಳವೆಯ ಬಾಯಿಗೆ ಟಾರ್ಚ್ ಹಿಡಿದ. ಬಳಿಕ ಕೇಳಿದ ಪ್ರಶ್ನೆ ತೀರ ಸರಳವಾಗಿತ್ತು.

“ಇದು ಮ್ಯಾಲ ಎಲ್ಲಿ ಹೊಂಟೈತ್ರಿ?”

ಮೂವರೂ ಒಟ್ಟಿಗೇ ಉತ್ತರ ಕೊಟ್ಟೆವು; ಮೂರೂ ಬೇರೆ ಬೇರೆ. ಕೊಳವೆ ನೇರ ಮೇಲೇರಿ ನಮ್ಮ ಮಾಳಿಗೆಯ ಮೇಲೆ, ಬೆಳಕಿಂಡಿಯ ಪಕ್ಕದಲ್ಲಿ ಬಾಯಿ ತೆರೆಯುತ್ತದೆ ಎಂದೆ ನಾನು. ಅಪ್ಪ ಅದನ್ನು ಕೂರಿಸಿದಾಗ ನಾನು ಪಕ್ಕದಲ್ಲಿ ನಿಂತಿದ್ದ ಚಿತ್ರ ನನ್ನ ಕಣ್ಣಲ್ಲಿದೆ. ಕೊಳವೆ ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಮಾಳಿಗೆಯ ಮೇಲೆ ಕೊಳವೆ ಎಂಬುದು ಎಂದೂ ಇರಲೇ ಇಲ್ಲ, ಹೊಗೆ ಬೆಳಕಿಂಡಿಯಿಂದಲೇ ಹೋಗುತ್ತಿತ್ತು ಎಂದಳು ಅಕ್ಕ. ನನ್ನ ಹೆಂಡತಿ, ತಾನು ಮದುವೆಯಾಗಿ ಬಂದ ಬೇಸಿಗೆಯಲ್ಲಿ ಸಂಡಿಗೆ ಒಣಹಾಕುವಾಗ ಏನೋ ಒಂದು ಕಾಲಿಗೆ ತೊಡರುತ್ತಿತ್ತು, ಅದು ಕೊಳವೆಯೋ ಕಲ್ಲೋ ತಿಳಿಯದು ಎಂದಳು.

“ಸರ್, ಹೋಟೆಲ್ದಾಗ ಮಾಲಕರು ಒಬ್ರ ಇರ್ತಾರ್ರಿ. ಇಲ್ಲಿ ಒಂದು ಕೊಳವಿಗೆ ಮೂರು ಮಂದಿ ಸಾಕ್ಷಿ,” ಎಂದ ಅವನು.

ಸಲಾಕೆಗೆ ಸಲಾಕೆ ಜೋಡಿಸಿ ಬ್ರಷ್ಷನ್ನು ಮೇಲಕ್ಕೆ ತಳ್ಳಿದ. ಒಂದಾಳು ಎತ್ತರಕ್ಕೆ ಹೋಗಿ ಅದು ನಿಂತುಬಿಟ್ಟಿತು. ಎಷ್ಟು ಒತ್ತಿದರೂ ಮುಂದೆ ಸರಿಯದು. ನನಗೆ ಸಂದೇಹವೇ ಉಳಿಯಲಿಲ್ಲ. ನಮ್ಮ ಕಡೆ ಮುಂಗಾರಿಗೆ ಮೊದಲು ಪ್ರತಿ ವರ್ಷವೂ ಮಾಳಿಗೆಗೆ ಸವಳು ಮಣ್ಣು ಹೊರಿಸುತ್ತೇವೆ, ನೀರು ಇಳಿಯದಿರಲೆಂದು. ಹಳೆಯ ಮಣ್ಣನ್ನು ಯಾರೂ ತೆಗೆಯುವುದಿಲ್ಲ. ಅದರ ಮೇಲೆಯೇ ಹೊಸದು. ಮಾಳಿಗೆ ಬೆಳೆಯುತ್ತಾ ಹೋಗುತ್ತದೆ, ಕೊಳವೆ ಗಿಡ್ಡವಾಗುತ್ತಾ ಬರುತ್ತದೆ. ಕೊನೆಗೊಂದು ವರ್ಷ ಬಾಯಿ ಮುಚ್ಚಿಹೋಗಿರಬೇಕು ಎಂದು ನಾನು ವಿವರಿಸಿದೆ. ವಿವರಣೆ ಎಲ್ಲರಿಗೂ ಒಪ್ಪಿಗೆಯಾಯಿತು. ಅಕ್ಕ ಮಾತ್ರ, “ಹಂಗಾರ ಇಷ್ಟ ದಿನ ಹೊಗಿ ಎತ್ಲಾಗ ಹೊಕ್ಕಿತ್ತು?” ಎಂದಳು. ನಾನು ಏಣಿ ತರಲು ಹೋದೆ.

ಏಣಿ ಹತ್ತಿ ನಾನು ತೋರಿಸಿದ ಜಾಗದಲ್ಲಿ ಅವನು ಗುದ್ದಲಿಯಿಂದ ಹುಷಾರಾಗಿ ಕೆದಕಿದ. ಒಂದರ ಮೇಲೊಂದು ಪದರ: ಬೂದು, ತಿಳಿಹಳದಿ, ಮತ್ತೆ ಬೂದು. ಆ ಪದರಗಳ ಮಣ್ಣಿನಲ್ಲೇ ಆ ಹೊತ್ತು ನನ್ನ ಮನಸ್ಸು ಸಿಕ್ಕಿಬಿದ್ದಿತ್ತು. ಮೊಳದಷ್ಟು ಆಳ ಹೋದರೂ ಕೊಳವೆ ಸಿಗಲಿಲ್ಲ. ಇನ್ನೂ ಕೆದಕಿದರೆ ತೊಲೆಗಳ ಮೇಲಿನ ಜಂತಿಗೇ ಬರುತ್ತೇವೆ ಎಂದು ಅವನು ಕೈ ಬಿಟ್ಟ. ಬೆಳಕಿಂಡಿಯ ಇನ್ನೊಂದು ಮಗ್ಗುಲಿನಲ್ಲಿ ನೋಡೋಣವೆಂದೆ. ಅಲ್ಲಿಯೂ ಮಣ್ಣೇ. ನನ್ನ ಕಣ್ಣಲ್ಲಿದ್ದ ಚಿತ್ರ ಮಾತ್ರ ಕದಲಲಿಲ್ಲ. ಅದರ ಕೆಳಗಿನ ನೆಲ ಎಲ್ಲಿದೆಯೆಂದು ತಿಳಿಯದಾಯಿತು.

ಕೆಳಗಿಳಿದು ಅವನು ಬೇರೊಂದು ಉಪಾಯ ಹೂಡಿದ. ಒಂದು ಹಿಡಿ ಹತ್ತಿಕಟ್ಟಿಗೆ ಹೊತ್ತಿಸಿ, ಮೇಲೆ ಹಸಿ ಬೇವಿನ ಸೊಪ್ಪು ಹಾಕಿ, ಒಲೆಯ ಬಾಯಿಗೆ ತಗಡು ಮುಚ್ಚಿದ. ಹೊಗೆ ಎಲ್ಲಿ ಏಳುವುದೋ ಅಲ್ಲಿ ಬಾಯಿ. ನಾನು ಮಾಳಿಗೆಯ ಮೇಲೆ ನಿಂತು ಕಾದೆ. ಎಲ್ಲಿಯೂ ಏಳಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಹಿತ್ತಲಿನಿಂದ ಕೂಗು.

“ವೈನೀ! ಅಯ್ಯ, ನಮ್ಮ ಬಚ್ಚಲಾಗ ಬೆಂಕಿ ಬಿದ್ದೈತ್ರಿ! ಗೀಜರಾ ಸುಡಾಕತ್ತೈತಿ!”

ಪಕ್ಕದ ಮನೆ ನನ್ನ ಕಾಕಾನ ಮಗನದು. ಎರಡೂ ಮನೆಗಳು ಒಂದು ಕಾಲಕ್ಕೆ ಒಂದೇ ಆಗಿದ್ದವು. ಪಾಲಾದದ್ದು ೧೯೮೬ರ ಬೇಸಿಗೆಯಲ್ಲಿ ಎಂದು ನನ್ನ ನೆನಪು, ಮರುವರ್ಷ ಎಂದು ಅವನದು. ಕೂಗಿದವಳು ಅವನ ಹೆಂಡತಿ. ನಾವು ಓಡಿಹೋದಾಗ ಅವಳ ಹೊಸ ಬಚ್ಚಲಿನಲ್ಲಿ, ಗೀಜರಿನ ಹಿಂದೆ ಟೈಲ್ಸು ಕೂಡದ ಸಂದಿನಿಂದ ಬೇವಿನ ಹೊಗೆ ಸಣ್ಣಗೆ ಸೂಸುತ್ತಿತ್ತು.

“ದಿನಾ ಮುಂಜಾನಿ ಹಿಂಗ ನಾರತೈತ್ರಿ,” ಎಂದಳು ಅವಳು. “ಕರೆಂಟಿನಾಂವನ್ನ ಎರಡ ಸಲ ಕರಸಿದ್ವಿ. ಅಂವಾ ಗೀಜರ್ ಬಿಚ್ಚಿ ಕೂಡಿಸಿ ಹ್ವಾದಾ.”

ಹೊಗೆಕೊಳವೆಯವನು ತಂತಿಯ ತುದಿಯ ಪುಟ್ಟ ಕ್ಯಾಮೆರಾವನ್ನು ನಮ್ಮ ಒಲೆಯಿಂದ ಏರಿಸಿ ಫೋನಿನಲ್ಲಿ ತೋರಿಸಿದ. ನನಗೆ ಮೊದಲು ಏನೂ ಅರ್ಥವಾಗಲಿಲ್ಲ, ಕಪ್ಪಿನೊಳಗೆ ಕಪ್ಪು. ಬೆರಳಿಟ್ಟು ತೋರಿಸಿದ ಮೇಲೆ ಕಂಡಿತು: ಬ್ರಷ್ಷು ನಿಂತ ಎತ್ತರದಲ್ಲಿ ಕೊಳವೆ ಪಕ್ಕದ ಮನೆಯತ್ತ ಮಗ್ಗುಲಾಗಿತ್ತು. ಒಟ್ಟು ಮನೆಯಿದ್ದಾಗ ಅಡುಗೆಯ ಒಲೆ ಮತ್ತು ನೀರು ಕಾಯಿಸುವ ಹಂಡೆಯ ಒಲೆ ಒಂದೇ ಗೋಡೆಗೆ ಬೆನ್ನು ಕೊಟ್ಟಿದ್ದವು. ಎರಡಕ್ಕೂ ಒಂದೇ ಕೊಳವೆ. ಪಾಲಿನ ಸಮಯದಲ್ಲಿ ಹಿರಿಯರು ತೊಲೆ, ಬಾಗಿಲು, ಕಾಳು ತುಂಬುವ ಹಗೇವು, ಮಾಳಿಗೆಯ ನೀರು ಯಾರ ಅಂಗಳಕ್ಕೆ ಬೀಳಬೇಕೆಂಬುದನ್ನು ಸಹ ಗೊತ್ತುಮಾಡಿದ್ದರು. ಹೊಗೆಯ ಮಾತು ಯಾರಿಗೂ ಹೊಳೆದಿರಲಿಲ್ಲ. ಗೋಡೆ ಎದ್ದಿತು, ಹೊಗೆ ಒಟ್ಟಿಗೇ ಉಳಿಯಿತು. ಮುಂಜಾನೆ ಅವರ ಕೊಳವೆಯಿಂದ ಏಳುತ್ತಿದ್ದ ಹೊಗೆ ಅವರ ಹಂಡೆಯದೆಂದೇ ಎಲ್ಲರೂ ತಿಳಿದಿದ್ದೆವು.

ದೀಪಾವಳಿಗೆ ಮುಂಚಿನ ವಾರ ಕಾಕಾನ ಮಗ ಹಂಡೆಯ ಒಲೆ ಕೆಡವಿ, ಟೈಲ್ಸು ಹಾಕಿಸಿ, ಹಬ್ಬದ ಮುನ್ನಾದಿನ ಇನ್ನು ಬೇಡವಾದ ಕೊಳವೆಯ ಬಾಯಿಗೆ ಮಾಳಿಗೆಯ ಮೇಲೆ ಕಡಪಾ ಕಲ್ಲಿಟ್ಟು ಸಿಮೆಂಟು ಬಳಿಸಿದ್ದ. ನೀರು ತುಂಬುವ ಹಬ್ಬದ ಎಣ್ಣೆಸ್ನಾನ ಹೊಸ ಬಚ್ಚಲಿನಲ್ಲೇ ಆಯಿತು. ಮಾರನೆಯ ದಿನದಿಂದ ನಮ್ಮ ಅಡುಗೆಮನೆಯಲ್ಲಿ ಹೊಗೆ. ಎಲ್ಲವೂ ಹೊಂದಿಕೊಂಡಿತು.

ಕಲ್ಲು ತೆಗೆಯಬೇಕೆಂದಾಗ ಕಾಕಾನ ಮಗ ತಲೆ ತುರಿಸಿಕೊಂಡ.

“ಅಣ್ಣಾ, ಮಾಳಿಗಿ ಸುತ್ತಲಿನ ಕಟ್ಟೀಗೆ ಈಗರ ಬಣ್ಣಾ ಹಚ್ಚೇನಿ. ಹತ್ತಿಕಟಗಿ ಹೊಗಿ ಬಡದು ಅಗದಿ ಕರ್ರಗ ಆಕ್ಕೈತಲ್ಲ.”

ನಾನು ಹಕ್ಕಿನ ವಿಚಾರ ಎತ್ತಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಕೊಳವೆ ಅವನ ಪಾಲಿನದೋ, ನಮ್ಮದೋ, ಇಬ್ಬರದೋ, ಹೇಳಲು ಯಾವ ಆಧಾರವೂ ಇರಲಿಲ್ಲ. ಅಕ್ಕನಿಗೆ ಆಧಾರ ಬೇಕಿರಲಿಲ್ಲ.

“ಲೇ, ನಿನ್ನ ಕಟ್ಟಿ ಕರ್ರಗಾದ್ರ ನಾನ ಬಂದು ಸುಣ್ಣಾ ಹಚ್ಚತೇನಿ. ನನ್ನ ಎದಿಗೆ ಯಾವ ಸುಣ್ಣಾ ಹಚ್ಚಲಿ ಹೇಳು?”

ಅವನು ನಕ್ಕ. ಬಳಿಕ ಕೆಮ್ಮಿದ ಅಕ್ಕನ ಮುಖ ನೋಡಿ ನಗು ನಿಲ್ಲಿಸಿದ.

“ಸುಣ್ಣ ಬ್ಯಾಡ. ವಾರಕ್ಕೊಮ್ಮಿ ರೊಟ್ಟಿ ಕಳಸಬೇ ಯಕ್ಕಾ.”

“ವಾರಕ್ಕೊಮ್ಮಿ ಯಾಕ, ಇಷ್ಟ ದಿನಾ ಯಾರ ರೊಟ್ಟಿ ತಿಂದೀಯೋ?”

ಚಾಣ ಸುತ್ತಿಗೆ ಹಿಡಿದು ಸಿಮೆಂಟು ಒಡೆದವನು ಅವನೇ. ಹೊಗೆಕೊಳವೆಯವನು ಮೇಲಿನಿಂದ ಬ್ರಷ್ಷು ಇಳಿಸಿದ. ತಾಡಪತ್ರಿಯ ಮೇಲೆ ಮಸಿ ಹೆಪ್ಪುಹೆಪ್ಪಾಗಿ ಬಿತ್ತು. ಬಚ್ಚಲಿನ ಸಂದನ್ನು ಮುಚ್ಚಿ, ಹೊಗೆ ಬಣ್ಣಕ್ಕೆ ತಾಗದಂತೆ ಮೇಲೆ ತಗಡಿನ ಕೊಳವೆಯೊಂದನ್ನು ಎತ್ತರಿಸಿ ಟೋಪಿ ಕೂರಿಸಿದ. ಹತ್ತಿಕಟ್ಟಿಗೆಯ ಮಸಿ ಕಿಡಿ ಹಿಡಿದರೆ ಕೊಳವೆಯೇ ಉರಿಯುತ್ತದೆ, ವರ್ಷಕ್ಕೊಮ್ಮೆ ಸ್ವಚ್ಛ ಮಾಡಿಸಿರಿ ಎಂದು ಎರಡೂ ಮನೆಯವರಿಗೆ ಹೇಳಿದ. ಹೊರಡುವಾಗ ನಾನು ಕೆದಕಿಸಿದ ತಗ್ಗುಗಳನ್ನು ತುಳಿದು ಗಟ್ಟಿ ಮಾಡಿ, “ಸರ್, ಮಳಿಗೆ ಮೊದ್ಲ ಇಲ್ಲಿ ಜರಾ ಹೆಚ್ಚಿಗಿ ಮಣ್ಣ ಹಾಕಸ್ರಿ,” ಎಂದ.

ಒಲೆ ಮತ್ತೆ ಉರಿಯಿತು. ಹೊಗೆ ಮೇಲೇರಿತು. ಸಂಕ್ರಾಂತಿಯ ಹೊತ್ತಿಗೆ ಅಕ್ಕನ ಕೆಮ್ಮು ಇಳಿದಂತಿತ್ತು. ವೈದ್ಯರಿಗೆ ಮತ್ತೊಮ್ಮೆ ತೋರಿಸಿ, ಒಲೆ ಬಿಡಬೇಕಿಲ್ಲ ಎಂಬ ಮಾತನ್ನು ಅವರ ಬಾಯಿಂದ ಕೇಳಿಸಿಕೊಂಡು ಬರೋಣವೆಂದು, ಅವಳ ಎದೆಯ ಎಕ್ಸ್-ರೇ ಇದ್ದ ಲಕೋಟೆಯನ್ನು ಕಪಾಟಿನಿಂದ ತೆಗೆದೆ. ಅದನ್ನು ತೆಗೆಸಲು ಹುಬ್ಬಳ್ಳಿಗೆ ಕರೆದೊಯ್ದವನು ನಾನೇ. ದಾರಿಯ ಪಕ್ಕದ ಬಯಲಿನಲ್ಲಿ ಪಟಾಕಿ ಅಂಗಡಿಗಳ ತಗಡು ಬಿಚ್ಚುತ್ತಿದ್ದುದನ್ನು ನೋಡಿದ್ದೆ. ಹಬ್ಬ ಮುಗಿದು ಎರಡು ದಿನವಾಗಿರಬಹುದು. ಅಕ್ಕ ಬಸ್ಸಿನ ಕಿಟಕಿಯಿಂದ ಅವನ್ನು ನೋಡುತ್ತ, ಒಲೆಯ ಹೊಗೆಯೂ ಪಟಾಕಿಯ ಹೊಗೆಯೂ ಕೂಡಿ ತನ್ನನ್ನು ಕೊಲ್ಲುತ್ತಿವೆ ಎಂದಿದ್ದಳು. ಅವಳಿಗೂ ಆ ಮಾತು ನೆನಪಿದೆ, ಕೇಳಿ ನೋಡಿದ್ದೇನೆ.

ಫಿಲ್ಮನ್ನು ಕಿಟಕಿಗೆ ಹಿಡಿದೆ. ಮೂಲೆಯಲ್ಲಿ ಯಂತ್ರವೇ ಅಚ್ಚು ಮಾಡಿದ ದಿನಾಂಕ ೧೭-೦೮-೨೦೨೨. ಯಂತ್ರದ ಗಡಿಯಾರ ತಪ್ಪಿರಬಹುದೆಂದು ಲಕೋಟೆಯ ಮೇಲಿನ ಕೈಬರಹವನ್ನು ನೋಡಿದೆ. ಅಲ್ಲಿಯೂ ಅದೇ, ಬುಧವಾರ ಎಂಬ ವಾರದೊಂದಿಗೆ. ಅದು ಶ್ರಾವಣ ಮಾಸ. ಆಗ ಪಕ್ಕದ ಮನೆಯಲ್ಲಿ ಹಂಡೆಯ ಒಲೆ ಇನ್ನೂ ಉರಿಯುತ್ತಿತ್ತು, ಕೊಳವೆಯ ಬಾಯಿ ತೆರೆದೇ ಇತ್ತು; ಅಕ್ಕ ಮಾತ್ರ ಆಗಲೇ ಕೆಮ್ಮುತ್ತಿದ್ದಳು.